ಒಂದೇ ನೊಣದಲ್ಲಿ ಏನು ಬೆರೆಸಲಿ

ನಾನು ನೊಣಗಳಿಗೆ ಅಡುಗೆ ಮಾಡುವವಳು. ಕೇಳಿದವರು ನಗುತ್ತಾರೆ, ನಗಲಿ ಬಿಡಿ. ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಹಾಕಿ ಗಂಜಿ ಕಾಯಿಸಿ, ಸೀಸೆಗಳಿಗೆ ಎರಡೆರಡು ಬೆರಳಷ್ಟು ಹೊಯ್ಯುವುದು ನನ್ನ ಕೆಲಸ. ಮಾನ್ ಪಟ್ಟಣದ ಗುಡ್ಡದ ಬುಡದಲ್ಲಿರುವ ನಮ್ಮ ಸಂಶೋಧನಾ ಕೇಂದ್ರದಲ್ಲಿ ಆ ಗಂಜಿ ತಿನ್ನುವ ಹಣ್ಣುನೊಣಗಳನ್ನು ಇಪ್ಪತ್ತೆರಡು ವರ್ಷದಿಂದ ಸಾಕುತ್ತಿರುವವಳು ದ್ರೊ ಫಿಲೊಮೆನ್. ವಯಸ್ಸಾದವಳೆಂದು ನಾವೆಲ್ಲ ಅವಳನ್ನು ತಾಂತಿ ಅನ್ನುತ್ತೇವೆ, ಚಿಕ್ಕಮ್ಮ ಅನ್ನುವ ಹಾಗೆ.

ಅವಳ ಶಿಸ್ತು ಅತಿಯಾಯಿತು ಎಂದು ನನಗೇ ಅನ್ನಿಸಿದ್ದುಂಟು. ಎರಡು ಸೀಸೆಯ ಬಾಯಿಗೆ ತುರುಕಿದ ಹತ್ತಿಯನ್ನು ಒಟ್ಟಿಗೆ ತೆಗೆದವಳಲ್ಲ. ಊಟಕ್ಕೆ ಅನಾನಸ್ ತಿಂದು ಬಂದವರನ್ನು ಬಾಗಿಲಲ್ಲೇ ತಡೆದು ಕೈಗೆ ಸೋಪು ಕೊಡುತ್ತಿದ್ದಳು. ನನ್ನನ್ನೂ ಬಿಡುತ್ತಿರಲಿಲ್ಲ, ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಗಂಡುನೊಣದ ಹಿಂಬದಿಯನ್ನು ಮಸೂರದಲ್ಲಿ ನೋಡಿ ಅದರ ಜಾತಿ ಹೇಳುವುದರಲ್ಲಿ ಅವಳನ್ನು ಮೀರಿಸಿದವರು ಯಾರೂ ಇರಲಿಲ್ಲ. ಪದವಿ ಪಡೆದವರೂ ಅವಳ ಹತ್ತಿರ ಬಂದು ಕೇಳಿಕೊಂಡು ಹೋಗುತ್ತಿದ್ದರು.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಸೆಕೊಂಗೊ. ಅವರು ಸೆನುಫೊ ಬುಡಕಟ್ಟಿನವರು, ತಾಂತಿ ಯಾಕುಬಾ. ಈ ಎರಡು ಬುಡಕಟ್ಟುಗಳ ನಡುವೆ ಅಜ್ಜಂದಿರು ಮಾಡಿಟ್ಟ ಒಪ್ಪಂದವಿದೆ. ಒಬ್ಬರು ಇನ್ನೊಬ್ಬರನ್ನು ಬಾಯಿಗೆ ಬಂದಂತೆ ಬೈಯಬಹುದು, ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ದಿನಾ ಬೆಳಗ್ಗೆ ಅದೇ ನಾಟಕ.

“ಏನೇ ಗುಲಾಮಳೇ, ಇನ್ನೂ ಸತ್ತಿಲ್ವಾ?”

“ನಿನ್ನ ಮಣ್ಣು ಮಾಡ್ದೆ ಹೆಂಗೋ ಸಾಯ್ಲಿ?”

ಒಂದು ಸೋಮವಾರ ಡಾಕ್ಟರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ತಾಂತಿ ಕಾಡಿನಿಂದ ತಂದು ಸಾಕಿದ ನೊಣಗಳಲ್ಲಿ ಐವತ್ತನ್ನು ಒಟ್ಟಿಗೆ ಅರೆದು ಅಬಿಜಾನಿನ ಪ್ರಯೋಗಾಲಯಕ್ಕೆ ಕಳಿಸಿದ್ದರು. ಅಲ್ಲಿಂದ ಬಂದ ಫಲಿತಾಂಶದಲ್ಲಿ ಒಂದು ಜೀನಿನ ತಲೆಗೆ ಇನ್ನೊಂದು ಜೀನಿನ ಮೈ ಅಂಟಿಕೊಂಡಿತ್ತು. ಪಕ್ಕದ ಕಪಾಟಿನಲ್ಲಿದ್ದ ಬೇರೆ ಜಾತಿಯ ನೊಣಗಳಲ್ಲಿ ಆ ಎರಡು ಜೀನುಗಳೂ ಬೇರೆಬೇರೆ. ಎರಡು ಜಾತಿಯ ನೊಣಗಳು ಕಲೆತದ್ದರಿಂದಲೇ ಹೀಗಾಯಿತು ಎಂದು ಡಾಕ್ಟರ ಲೆಕ್ಕ.

“ಈ ಯಾಕುಬಾ ಹೆಂಗಸಿಗೆ ಎರಡು ನೊಣ ಬೇರೆಬೇರೆ ಇಡೋಕೆ ಬರಲ್ಲ. ಎಲ್ಲಾ ಕಲಸಿ ಸಾರು ಮಾಡಿದಾಳೆ,” ಎಂದರು ಡಾಕ್ಟರು.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಾಂತಿಯೂ ನಕ್ಕಳು. “ಸಾರು ರುಚಿಯಾಗಿತ್ತಾ, ನಮ್ಮ ಗುಲಾಮ?” ಎಂದಳು. ಡಾಕ್ಟರು ಮಾತ್ರ ನಗಲಿಲ್ಲ. ಅದಕ್ಕೆ ನಾವು ಯಾರೂ ಆಗ ಬೆಲೆ ಕೊಡಲಿಲ್ಲ.

ಗುರುವಾರ ಕಾಗದ ಬಂತು. ಅಜಾಗರೂಕತೆಯಿಂದ ನೊಣಗಳನ್ನು ಬೆರಕೆ ಮಾಡಿದ್ದಾಳೆ, ಮುಂದಿನ ತಿಂಗಳಿಂದ ಸೀಸೆ ತೊಳೆಯುವ ಕೆಲಸಕ್ಕೆ ಹಾಕಲಾಗಿದೆ ಎಂದು ಅದರಲ್ಲಿತ್ತು. ಓದಿದ ತಾಂತಿಯ ಮುಖ ಕಪ್ಪಿಟ್ಟಿತು. ಕೆಲಸ ಹೋದದ್ದಕ್ಕಲ್ಲ. ನಗೆಯ ಮಾತು ಅಂದುಕೊಂಡು ಎಲ್ಲರ ಮುಂದೆ ತಾನೂ ನಕ್ಕುಬಿಟ್ಟೆನಲ್ಲ, ಒಪ್ಪಿಕೊಂಡಂತೆ ಆಯಿತಲ್ಲ ಎಂದು. ಒಪ್ಪಂದದ ಮರೆಯಲ್ಲಿ ನಿಂತು ನಿಜವಾದ ಕಲ್ಲು ಹೊಡೆದ ಆ ಮನುಷ್ಯನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಅವಳು ನೇರ ಅವರ ಕೋಣೆಗೆ ಹೋದಳು. ಅಂದು ಮೊದಲ ಸಲ ಅವರನ್ನು ‘ನೀವು’ ಎಂದು ಕರೆದಳು.

“ಡಾಕ್ಟ್ರೇ, ನೀವು ಐವತ್ತು ನೊಣ ಅರೆದ್ರಿ. ಅದಕ್ಕೇ ಅನುಮಾನಕ್ಕೆ ಜಾಗ ಆಯ್ತು. ನಾನು ಕಾಡಿಂದ ಹೊಸಾ ತಾಯಿನೊಣ ತರ್ತೀನಿ, ಸೀಸೆಗೊಂದು ತಾಯಿ. ಮಕ್ಕಳಾದ್ಮೇಲೆ ಯಾವ ಸೀಸೆ, ಯಾವ ನೊಣ ಅಂತ ನೀವೇ ಆರಿಸಿ. ಒಂದು ಸೀಸೆಯಿಂದ ಒಂದೇ ನೊಣ, ಒಂದೊಂದನ್ನೂ ಬೇರೆಬೇರೆ ಕಳಿಸಿ. ಒಂದೇ ನೊಣದಲ್ಲಿ ನಾನು ಏನು ಬೆರೆಸ್ಲಿ?”

“ಮತ್ತೆ ಹಂಗೇ ಬಂದ್ರೆ?”

“ಹಂಗೇ ಬರತ್ತೆ. ನನ್ನ ಕೈ ನಂಗೊತ್ತು.”

ಮಾರನೆಯ ದಿನ ತಾಂತಿಯೂ ನಾನೂ ಕಾಡಿಗೆ ಹೋದೆವು. ಮರದಡಿ ಬಿದ್ದು ಹುಳಿತ ಹಣ್ಣುಗಳ ಮೇಲೆ ಬಲೆ ಬೀಸಿ ಅವಳು ನಲವತ್ತು ತಾಯಿನೊಣಗಳನ್ನು ಹಿಡಿದಳು. ನನಗೆ ಒಳಗೊಳಗೇ ಅಳುಕು, ಅವಳಿಗೆ ಅದೇನೂ ಇಲ್ಲ. ದಾರಿಯಲ್ಲಿ ಕೂತು ಮರಗೆಣಸಿನ ರವೆಯ ಅತ್ತಿಯೆಕೆ, ಹುರಿದ ಮೀನು ಹೊಟ್ಟೆ ತುಂಬ ತಿಂದಳು. ಎರಡು ವಾರದಲ್ಲಿ ಮರಿಗಳಾದವು. ಡಾಕ್ಟರು ತಾವೇ ಆರಿಸಿದರು, ತಾವೇ ಮುದ್ರೆ ಒತ್ತಿ ಕಳಿಸಿದರು.

ಉತ್ತರ ಬಂದ ದಿನ ಡಾಕ್ಟರು ನಮ್ಮನ್ನು ಮತ್ತೆ ಅಂಗಳಕ್ಕೆ ಕರೆದರು. ನಲವತ್ತಕ್ಕೆ ನಲವತ್ತರಲ್ಲೂ ಅದೇ ತಲೆ, ಅದೇ ಮೈ. ಬೆರೆಸಿದ್ದು ಮನುಷ್ಯರ ಕೈಯಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಯಾವುದೋ ನೊಣದ ಮೈಯಲ್ಲಿ, ಹುಳಿತ ಹಣ್ಣಿನ ಮದ್ಯ ಅರಗಿಸುವ ಜೀನಿನ ನಕಲೊಂದು ಹೋಗಿ ಬೇರೊಂದು ಜೀನಿನೊಳಗೆ ಕೂತಿತ್ತು. ಎರಡೂ ಸೇರಿ ಮೂರನೆಯದೊಂದಾಗಿ, ಹಳೆಯ ಕೆಲಸ ಬಿಟ್ಟು ಬೇರೆ ಕೆಲಸ ಹಿಡಿದಿತ್ತು. ತಾಯಿಯಿಂದ ಮಕ್ಕಳಿಗೆ ಇಳಿದು ಇಂದಿನವರೆಗೂ ಬಂದಿತ್ತು. ಇದನ್ನೆಲ್ಲ ಡಾಕ್ಟರೇ ನಮಗೆ ಬಿಡಿಸಿ ಹೇಳಿದರು. ಇದೇ ಸತ್ಯವನ್ನು ಅವರು ಒಮ್ಮೆ ಕಸವೆಂದು ಬಿಸಾಡಿದ್ದರು.

ಆಮೇಲೆ ಎಲ್ಲರ ಮುಂದೆ ಕೈಚಾಚಿ, “ಏ ಗುಲಾಮಳೇ, ನಿನ್ನ ಸೆನುಫೊ ತಪ್ಪಾಯ್ತು ಅಂತಿದಾನೆ,” ಎಂದು ನಕ್ಕರು.

ನನಗೆ ರಕ್ತ ಕುದಿಯಿತು. ಸೆನುಫೊ ಕ್ಷಮೆ ಕೇಳಿದರೆ ಯಾಕುಬಾ ಇಲ್ಲವೆನ್ನುವಂತಿಲ್ಲ, ಅದೂ ಒಪ್ಪಂದದ ಮಾತೇ. ಬೈದಾಗಲೂ ಅದರ ಮರೆ, ತಪ್ಪಿಸಿಕೊಳ್ಳುವಾಗಲೂ ಅದೇ ಮರೆ.

ತಾಂತಿ ಅವರ ಕೈ ಹಿಡಿದುಕೊಂಡಳು.

“ಸೆನುಫೊನ ಕ್ಷಮಿಸ್ದೆ. ನನ್ನ ಅಜ್ಜಂದಿರ ಮಾತು ನಾನು ಮೀರಲ್ಲ,” ಎಂದಳು. ಕೈ ಬಿಡದೆಯೇ ಮುಂದುವರಿಸಿದಳು. “ಆದ್ರೆ ಆ ಕಾಗದ ಬರೆದೋನು ಸೆನುಫೊ ಅಲ್ಲ, ಡಾಕ್ಟ್ರು. ಆ ಕಾಗದ ಸುಳ್ಳು ಅಂತ ಡಾಕ್ಟ್ರೇ ಬರೆದುಕೊಡ್ಲಿ.”

ಯಾರೂ ನಗಲಿಲ್ಲ. ಡಾಕ್ಟರ ನಗುವೂ ಮುಖದಲ್ಲೇ ಇಂಗಿತು. ನಾನು ಓಡಿಹೋಗಿ ಗಂಜಿಮನೆಯ ಸ್ಟೂಲು ತಂದು ಹಾಕಿದೆ. ಅವರು ಅಂಗಳದಲ್ಲೇ ಕೂತು, ತೊಡೆಯ ಮೇಲೆ ಕಾಗದವಿಟ್ಟುಕೊಂಡು ಬರೆದರು. ತಾಂತಿ ಪಕ್ಕದಲ್ಲಿ ನಿಂತು ಪ್ರತಿ ಸಾಲನ್ನೂ ಓದಿ, ತನ್ನ ಪೂರ್ತಿ ಹೆಸರು ಹಾಕಿಸಿಕೊಂಡಳು.