ಪಟ್ಟಿಯಲ್ಲಿ ಉಳಿದ ಇಬ್ಬರು

ನಾನು ಓದು ನಿಲ್ಲಿಸಿದ್ದು 1990ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ತಿ. ನರಸೀಪುರದ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಸಿಕ್ಕಿತ್ತು. ಹತ್ತು ವರ್ಷ ಸೀಸದ ಅಕ್ಷರಗಳನ್ನು ತಲೆಕೆಳಗಾಗಿಯೇ ಓದಿ ಓದಿ, ಒಂದು ಚುಕ್ಕಿ ಆಚೀಚೆ ಆದರೂ ಕಣ್ಣಿಗೆ ಚುಚ್ಚುವ ಹಾಗಾಯಿತು. ಇಂಗ್ಲಿಷು ನನಗೆ ಅರ್ಥವಾಗುತ್ತಿದ್ದದ್ದು ಅರ್ಧಂಬರ್ಧ. ಕಾಣುತ್ತಿದ್ದದ್ದು ಮಾತ್ರ ಪೂರ್ತಿ.

ಆ ಪ್ರೆಸ್ಸಿನಲ್ಲಿ ಬೈಸಿಕೊಂಡದ್ದನ್ನು ಮೊದಲು ಹೇಳಬೇಕು. 1997ರಲ್ಲಿ ಹದಿನಾರು ಎಂಬ ಊರಿನ ಯಜಮಾನರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಕೃಷಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಮ್ಮ ಕಡೆ ಹೆಸರಿನ ಮುಂದಿನ ಇನಿಷಿಯಲ್ಲು ಊರಿನದು, ಇಲ್ಲವೇ ಅಪ್ಪನದು. ಅವರು ಊರನ್ನು ಪೂರ್ತಿ ಬರೆದುಕೊಟ್ಟಿದ್ದರು. ಸಾಲಿನಲ್ಲಿ ಜಾಗ ಸಾಲದೆ ನಾನು ಬರೀ 'ಹೆಚ್' ಜೋಡಿಸಿ ಚುಕ್ಕಿ ಇಟ್ಟೆ. ಪತ್ರಿಕೆಯ ಕಟ್ಟು ಹೋದ ಹಾಗೇ ವಾಪಸು ಬಂತು.

"ಏನ್ಲಾ, ನಮ್ಮೂರ್ನ ಒಂದಕ್ಸರಕ್ಕೆ ಇಳಿಸ್ಬುಟ್ಟಿದ್ದೀಯಲ್ಲಾ. ಬೀಗ್ರು ನನ್ನ ಯಾವೂರೋನು ಅನ್ಕೋಬೇಕು?"

"ಜಾಗ ಇರ್ನಿಲ್ಲ ಸಾ."

"ಜಾಗ ಇಲ್ದಿದ್ರೆ ನನ್ನ ಎಸರು ತಗಿ. ಊರ್ನ ಅಂಗೇ ಬುಡು."

ಎಲ್ಲವನ್ನೂ ಮತ್ತೆ ಅಚ್ಚು ಹಾಕಿದೆ. ಆ ಹೆಸರು, ಆ ಊರು ಬೆರಳಿಗೆ ಅಂಟಿಕೊಂಡುಬಿಟ್ಟವು.

2001ರಲ್ಲಿ ನಂಜನಗೂಡಿನಲ್ಲಿ ನನ್ನದೇ ಡಿಟಿಪಿ ಅಂಗಡಿ ಇಟ್ಟೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಮೂರನೇ ವರ್ಷ ಕಾಲೇಜಿನ ಮೇಡಂ ಒಬ್ಬರು ಫ್ಲಾಪಿ ಹಿಡಿದು ಬಂದರು. ಕರಾವಳಿ ಕಡೆಯವರು. ಇಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದರು. ಕಪಿಲಾ ದಂಡೆಯ ರಸಬಾಳೆ ಗಿಡ ಸೊರಗಿ ಸಾಯುವ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಲೇಖನ ಬರೆದು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದ್ದರು. ಸಂಪಾದಕರು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ವಿಷಯದ ತಕರಾರಲ್ಲ, ಕೊನೆಯಲ್ಲಿರುವ ಆಧಾರಗಳ ಪಟ್ಟಿಯ ತಕರಾರು. ಪಟ್ಟಿ ಪತ್ರಿಕೆಯ ಕ್ರಮದಲ್ಲಿಲ್ಲ, ಲೇಖನದೊಳಗಿನ ಹೆಸರುಗಳಿಗೂ ಪಟ್ಟಿಗೂ ತಾಳೆಯಿಲ್ಲ, ಮೂರನೇ ಸಲವೂ ಹೀಗೇ ಬಂದರೆ ತೆಗೆದುಕೊಳ್ಳುವುದಿಲ್ಲ ಎಂದು ಪತ್ರವಿತ್ತು. ತಿಂಗಳ ಕೊನೆಗೆ ಕಾಯಂ ಹುದ್ದೆಗೆ ಅರ್ಜಿ ಹಾಕಬೇಕಿದ್ದ ಮೇಡಂ ಅದರ ಜೊತೆಗೆ ಲೇಖನ ಒಪ್ಪಿಗೆಯಾದ ಪತ್ರ ಇಡಲೇಬೇಕಿತ್ತು.

"ಮೈಸೂರಲ್ಲಿ ಎರಡು ಕಡೆ ಕೊಟ್ಟೆ ಮಾರಾಯ್ರೇ. ಅವರು ಟೈಪ್ ಮಾಡ್ತಾರೆ, ಅಷ್ಟೇ. ನಿಮ್ಮಿಂದ ಆಗ್ತದಾ?"

"ಆಯ್ತದೆ ಮೇಡಂ. ಇಲ್ದಿದ್ರೆ ಬೋರ್ಡ್ ಇಳಿಸ್ತೀನಿ."

ಪಕ್ಕದ ಟೀ ಅಂಗಡಿಯವನಿಗೆ ಇಷ್ಟು ಸಾಕಾಯಿತು. "ಒಂಬತ್ನೇ ಕ್ಲಾಸು ಮೇಡಂದೇ ತಪ್ಪು ತಿದ್ತದಂತೆ, ಕೇಳ್ರಪ್ಪೋ" ಎಂದ.

"ನಿನ್ ಟೀಲಿ ಸಕ್ರೆ ಇಲ್ಲ ಅನ್ನಕೆ ನಾನು ಎಸ್ಸೆಸ್ಸೆಲ್ಸಿ ಮಾಡ್ಬೇಕಾ?" ಎಂದೆ.

ಪತ್ರಿಕೆಯವರ ಮಾದರಿ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡೆ. ಹೆಸರು, ಕಾಮಾ, ಇನಿಷಿಯಲ್ಲು, ಚುಕ್ಕಿ, ಕಂಸದಲ್ಲಿ ಇಸವಿ. ಪತ್ರಿಕೆಯ ಹೆಸರು ಓರೆ ಅಕ್ಷರ, ಸಂಪುಟದ ಸಂಖ್ಯೆ ದಪ್ಪ ಅಕ್ಷರ, ಪುಟಗಳ ನಡುವೆ ಅಡ್ಡಗೆರೆ. ಮೊಳೆ ಜೋಡಿಸಿದ ಕೈಗೆ ಇದೇನು ಹೊಸದಲ್ಲ. ಆದರೂ ಮೊದಲ ದಿನ ಒಂದು ಎಡವಟ್ಟು ಮಾಡಿದೆ. ಅರವತ್ತನಾಲ್ಕು ಹೆಸರನ್ನೂ ಹಳೇ ಇಸವಿಯಿಂದ ಹೊಸದಕ್ಕೆ ಸಾಲಾಗಿ ನಿಲ್ಲಿಸಿದ್ದೆ. ಮೇಡಂ ನೋಡಿ ತಬ್ಬಿಬ್ಬಾದರು.

"ಎಂತ ಮಾರಾಯ್ರೇ ಇದು? ಎ ಬಿ ಸಿ ಪ್ರಕಾರ ಬರಬೇಕು."

"ದೊಡ್ಡೋರ್ ಎಸರು ಮೊದ್ಲು ಬರ್ಬೇಕಲ್ವಾ ಮೇಡಂ? ಲಗ್ನಪತ್ರಿಕೇಲಿ ಚಿಕ್ಕಪ್ಪನ್ನ ದೊಡ್ಡಪ್ಪನ ಮೇಲೆ ಕೂರ್ಸಿದ್ರೆ ಮದ್ವೆನೇ ನಿಂತೋಯ್ತದೆ."

ಅವರು ನಕ್ಕುಬಿಟ್ಟರು. ಆ ಪತ್ರ ಬಂದ ಮೇಲೆ ನಕ್ಕಿದ್ದು ಅದೇ ಮೊದಲಂತೆ. ಇಂಥ ಪಟ್ಟಿಯಲ್ಲಿ ಕುಟುಂಬದ ಹೆಸರು ಮೊದಲು ಬರುವುದು ವಿದೇಶದ ಪದ್ಧತಿ ಎಂದೂ ಅವತ್ತೇ ಹೇಳಿಕೊಟ್ಟರು.

ಪಟ್ಟಿಯನ್ನು ಮತ್ತೆ ಕಟ್ಟಿದೆ. ಆಮೇಲೆ ತಾಳೆ ನೋಡುವ ಕೆಲಸ. ಮದುವೆಗೆ ಕರೆಯಲು ಹೊರಟವರು ಕರೆದ ಮನೆಯ ಮುಂದೆ ಗುರುತು ಹಾಕುತ್ತಾ ಹೋಗುತ್ತಾರಲ್ಲ, ಹಾಗೆ. ಲೇಖನದಲ್ಲಿ ಹೆಸರು ಬಂದಲ್ಲೆಲ್ಲ ಕೆಂಪು ಪೆನ್ಸಿಲ್ಲಿನ ಗುರುತು, ಪಟ್ಟಿಯಲ್ಲಿ ಅದೇ ಹೆಸರಿಗೆ ಇನ್ನೊಂದು. ಎರಡು ದಿನ ಹಿಡಿಯಿತು. ಕೊನೆಗೆ ಗುರುತಿಲ್ಲದ ಇಬ್ಬರು ಉಳಿದರು. ಒಬ್ಬ ಲೇಖನದಲ್ಲಿದ್ದಾನೆ, ಪಟ್ಟಿಯಲ್ಲಿಲ್ಲ. ಇನ್ನೊಬ್ಬ ಪಟ್ಟಿಯಲ್ಲಿದ್ದಾನೆ, ಲೇಖನದಲ್ಲಿಲ್ಲ. ಇಬ್ಬರದೂ 1978ನೇ ಇಸವಿ.

"ಇಬ್ಬರನ್ನೂ ತೆಗೆದುಬಿಡಿ" ಎಂದರು ಮೇಡಂ. "ದಿನ ಎಲ್ಲಿ ಉಂಟು?"

ತೆಗೆಯಲು ಕೈ ಬರಲಿಲ್ಲ. ಪಟ್ಟಿಯಲ್ಲಿ ಉಳಿದವನ ಹೆಸರು 'ಹದಿನಾರು, ಎಂ.' ಎಂದಿತ್ತು. ಲೇಖನದೊಳಗೆ ಉಳಿದವನ ಹೆಸರನ್ನು ತಡವರಿಸಿಕೊಂಡು ಓದಿದೆ. ಹದಿನಾರಿನ ಯಜಮಾನರ ಲಗ್ನಪತ್ರಿಕೆಗೆ ನಾನೇ ಎರಡು ಸಲ ಮೊಳೆ ಜೋಡಿಸಿದ್ದ ಹೆಸರು, ಶುರುವಾಗುವುದೂ ಎಂ ಅಕ್ಷರದಿಂದ.

"ಮೇಡಂ, ಇವ್ರು ಇಬ್ರಲ್ಲ, ಒಬ್ರೇ. ಈ ಹದ್ನಾರು ಅನ್ನದು ಮನುಷ್ಯನ್ ಎಸರಲ್ಲ, ಊರು. ಇಲ್ಲಿಂದ ಬಸ್ಸಲ್ಲಿ ಓಗ್ಬೌದು."

ಮೇಡಂ ಲೇಖನದೊಳಗಿನ ಹೆಸರನ್ನು ಲೈಬ್ರರಿಯ ಹಳೇ ವರದಿಯಿಂದ ಬರೆದುಕೊಂಡಿದ್ದರು, ಪಟ್ಟಿಯ ಸಾಲನ್ನು ವಿದೇಶದ ಯಾವುದೋ ಲೇಖನದಿಂದ. ಅಲ್ಲಿಯವರು ಊರನ್ನೇ ಕುಟುಂಬದ ಹೆಸರೆಂದು ತಿಳಿದು ಮುಂದಕ್ಕೆ ತಂದಿದ್ದರು. ಆದರೆ ನನ್ನ ಮಾತೊಂದನ್ನೇ ನಂಬಿ ಕಳಿಸುವ ಹಾಗಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಇಬ್ಬರೂ ಹದಿನಾರಿಗೆ ಹೋದೆವು.

ಯಜಮಾನರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಗುರುತು ಹಿಡಿಯಲಿಲ್ಲ. ಲಗ್ನಪತ್ರಿಕೆಯ ಕತೆ ಹೇಳಿದ ಮೇಲೆ ಹಿಡಿದರು. ಮೇಡಂ ಪಟ್ಟಿಯ ಸಾಲನ್ನು ತೋರಿಸಿ ವಿದೇಶದವರು ಮಾಡಿದ್ದನ್ನು ಹೇಳಿದರು. ಯಜಮಾನರು ಕನ್ನಡಕ ಮೂಗಿಗೇರಿಸಿ ನೋಡಿದರು.

"ಎಸರು ತಗಿ, ಊರ್ನ ಅಂಗೇ ಬುಡು ಅಂತ ನಿಂಗೆ ಅಂದಿದ್ದೆ ಕಣ್ಲಾ. ನೀನ್ ಕೇಳ್ನಿಲ್ಲ, ಈ ಫಾರಿನ್ನೋರು ಕೇಳವ್ರೆ."

ಒಳಗಿನ ಟ್ರಂಕಿನಿಂದ ಹಳದಿಯಾದ ಸಂಚಿಕೆಯೊಂದನ್ನು ತಂದರು. ಅದೇ ಲೇಖನ, ಅದೇ ಇಸವಿ. ಈ ದಂಡೆಯ ಬಾಳೆಯ ರೋಗವನ್ನು ಮೊದಲು ಬರೆದಿಟ್ಟವರು ಅವರೇ. ಮೇಡಂ ಸಂಪುಟ, ಪುಟಗಳನ್ನು ಬರೆದುಕೊಂಡು, "ನಿಮ್ಮನ್ನು ತೆಗೆದುಹಾಕಲಿಕ್ಕೆ ಹೊರಟಿದ್ದೆ ಸರ್" ಎಂದರು.

"ತಗ್ದಾಕಿದ್ರೂ ಬಾಳೆಗಿಡ ಏಳ್ತಿತ್ತು ಬುಡವ್ವ" ಎಂದರು ಅವರು. ಆದರೆ ಸಂಚಿಕೆಯನ್ನು ಒಳಗಿಡಲಿಲ್ಲ. ನಾವು ಹೊರಡುವವರೆಗೂ ತೊಡೆಯ ಮೇಲೇ ಇತ್ತು.

ಅಂಗಡಿಗೆ ಬಂದು ಆ ಸಾಲನ್ನು ಅದರ ಜಾಗಕ್ಕೆ ಸರಿಸಿದೆ. ಹೆಸರು ಮುಂದೆ, ಊರಿನ ಅಕ್ಷರ ಹಿಂದೆ. ಕೊನೆಯ ಕೆಂಪು ಗುರುತು ಹಾಕಿದಾಗ ಬೆನ್ನು ನೆಟ್ಟಗಾಯಿತು. ಅವತ್ತೇ ಸ್ಪೀಡ್ ಪೋಸ್ಟಿಗೆ ಹಾಕಿದೆವು.

ಅರ್ಜಿಯ ಕೊನೇ ದಿನಕ್ಕೆ ಮೂರು ದಿನವಿರುವಾಗ ಮೇಡಂ ಬಂದು ಒಂದು ಹಾಳೆಯನ್ನು ಕೀಬೋರ್ಡಿನ ಮೇಲೆ ಇಟ್ಟರು. ಲೇಖನ ಒಪ್ಪಿಗೆಯಾಗಿತ್ತು. "ಪಟ್ಟಿಯಲ್ಲಿ ಒಂದು ಕಾಮಾ ಕೂಡ ಮುಟ್ಟಲಿಲ್ಲ ಮಾರಾಯ್ರೇ ಅವರು" ಎಂದರು. ನಾನು ಆ ಹಾಳೆಯನ್ನು ಟೀ ಅಂಗಡಿಗೆ ಒಯ್ದು ಗಲ್ಲಾದ ಮೇಲೆ ಇಟ್ಟೆ. ಅವನಿಗೆ ಇಂಗ್ಲಿಷು ಬಾರದು. ಹಾಳೆಯನ್ನು ತಿರುಗಿಸಿ ನೋಡಿ ಎರಡು ಟೀ ಕೊಟ್ಟ. ಸಕ್ಕರೆ ಸರಿಯಾಗಿತ್ತು.

ಮಾರನೇ ವರ್ಷ ಮೇಡಂಗೆ ಕಾಯಂ ಹುದ್ದೆಯಾಯಿತು. ಅವರು ಹೇಳಿ ಕಳಿಸಿದವರು ಮೈಸೂರಿನಿಂದಲೂ ಬಸ್ಸು ಹತ್ತಿ ಬರತೊಡಗಿದರು. ಮಾದರಿ ಹಾಳೆ ಹಳತಾಗಿ ಹರಿದರೂ ಗೋಡೆಯಿಂದ ಕಿತ್ತಿಲ್ಲ.

ಇದನ್ನು ಬರೆಯುತ್ತಿರುವುದು 2009ರಲ್ಲಿ. ಈಗ ನನ್ನ ಬಳಿ ಇರುವುದು ನಾಲ್ಕು ಕಂಪ್ಯೂಟರು, ಎರಡು ಪ್ರಿಂಟರು, ಒಂದು ಜೆರಾಕ್ಸ್ ಮಿಷಿನ್ನು, ಡಿಗ್ರಿ ಮಾಡಿದ ಇಬ್ಬರು ಕೆಲಸದವರು, ಮೇಡಂ ಕೊಟ್ಟ ಆ ಪತ್ರಿಕೆಯ ಒಂದು ಪ್ರತಿ. ಪಟ್ಟಿ ಕಟ್ಟಿಕೊಟ್ಟ ಲೇಖನಗಳು ಐವತ್ತೊಂದು. ಪಟ್ಟಿ ಸರಿಯಿಲ್ಲವೆಂದು ವಾಪಸು ಬಂದದ್ದು ಒಂದೂ ಇಲ್ಲ.