ಮಂಜಿಯ ಒಲೆ ಕಂಡ ಗಡಿಗೆ

ಕುಮಟೆಯ ಕಲಾ ಗ್ಯಾಲರಿಗೆ ನುಗ್ಗಿ, ಅಲ್ಲಿನ ಭಾರಿ ಬೆಲೆಯ ಗಡಿಗೆಯಲ್ಲಿ ಮಂಜಿ ಬಂಗಡೆ ಸಾರು ಕುದಿಸಿದಳೆಂದು ಹೊನ್ನಾವರದ ಮೀನುಪೇಟೆಯಲ್ಲಿ ಸುದ್ದಿ ಹಬ್ಬಿತ್ತು. ಭಟ್ಕಳ ತಲುಪುವಷ್ಟರಲ್ಲಿ ಆ ಸುದ್ದಿಗೆ ಪೊಲೀಸರೂ ಸೇರಿಕೊಂಡಿದ್ದರು. ಪೊಲೀಸರು ಬಂದಿರಲಿಲ್ಲ, ಗ್ಯಾಲರಿಗೆ ಯಾರೂ ನುಗ್ಗಿರಲಿಲ್ಲ. ಸಾರು ಕುದಿದದ್ದು ಮಾತ್ರ ನಿಜ. ಅದು ಕುದಿದದ್ದು ಮಂಜಿಯ ಹಿತ್ತಲ ಒಲೆಯ ಮೇಲೆ.

ಗಂಡ ತೀರಿಕೊಂಡ ಮೇಲೆ ಮೀನುಬುಟ್ಟಿ ಹೊತ್ತು ಮಗಳು ದಿವ್ಯಶ್ರೀಯನ್ನು ಓದಿಸಿದವಳು ಮಂಜಿ. ಕಲಾಶಾಲೆಯಿಂದ ಮರಳಿದ ಮಗಳು ಹಿತ್ತಲಲ್ಲಿ ಗ್ಯಾಸಿನ ಭಟ್ಟಿ ಹೂಡಿ ಮಣ್ಣು ಕಲಸತೊಡಗಿದಾಗ, ಮೀನು ಮಾರುವವರಿಗೆ ಕುಂಬಾರಿಕೆ ಯಾಕೆಂದು ಪೇಟೆಯಲ್ಲಿ ಕೆಲವರು ಕೆಣಕಿದರು. ನಿಮ್ಮ ಮನೆಯ ಸಾರು ಚೀಲದಲ್ಲಿ ಕುದಿಯುತ್ತದೆಯೇ ಎಂದು ಮಂಜಿ ತಿರುಗಿ ಕೇಳಿದ್ದಳು.

ದಿವ್ಯಶ್ರೀಗೆ ಒಂದು ಹಟವಿತ್ತು. ಅವಳ ಗಡಿಗೆಗೆ ಕಲಾಕೃತಿಯ ಮೆರುಗೂ ಇರಬೇಕು, ಅದು ಕಟ್ಟಿಗೆಯ ಬೆಂಕಿಯನ್ನೂ ತಾಳಬೇಕು. ಪರೀಕ್ಷೆಗೆಂದು ಒಲೆಗೇರಿಸಿದವೆಲ್ಲ ಬಿರಿದಿದ್ದವು. ಮಣ್ಣಿನ ಹದ ಬದಲಿಸಿ ಮಾಡಿದ ಕೊನೆಯ ಬಿಳಿ ಗಡಿಗೆ ಎಷ್ಟು ಚೆಂದ ಬಂತೆಂದರೆ, ಅದನ್ನು ಒಲೆಗಿಡುವ ಧೈರ್ಯ ಅವಳಿಗೇ ಬರಲಿಲ್ಲ. ಕುಮಟೆಯ ಗ್ಯಾಲರಿ ತನ್ನ ಆಧುನಿಕ ಸೆರಾಮಿಕ್ ಸಂಗ್ರಹಕ್ಕೆ ಆರಿಸಿದ್ದು ಅದನ್ನೇ. ಮೀನುಗಾರರ ಕೇರಿಯ ಕೆಲಸವೊಂದು ಆ ಸಂಗ್ರಹ ಸೇರುವುದು ಅದೇ ಮೊದಲು.

ಗ್ಯಾಲರಿಯವರು ಅದನ್ನು ಒಯ್ಯಲು ಬರುವ ದಿನ ದಿವ್ಯಶ್ರೀ ಕಟ್ಟಿಡಲು ಹುಲ್ಲು ತರಲೆಂದು ಹೋಗಿದ್ದಳು. ಒಲೆಯ ಮೇಲಿಟ್ಟು ಪಳಗಿಸದ ಗಡಿಗೆಯನ್ನು ಇನ್ನೊಬ್ಬರ ಮನೆಗೆ ಕೊಡುವ ರೂಢಿ ಮಂಜಿಯ ಕೇರಿಯಲ್ಲಿಲ್ಲ. ಹಾಗೆ ಕೊಟ್ಟರೆ ಕೊಟ್ಟವರ ಹೆಸರು ಕೆಡುತ್ತದೆ. ಅವಳು ತೆಂಗಿನೆಣ್ಣೆ ಸವರಿದಳು, ಗಂಜಿ ಕುದಿಸಿ ಚೆಲ್ಲಿದಳು, ಕೊನೆಗೆ ಬಂಗಡೆ ಸಾರಿಟ್ಟಳು. ಮಗಳು ಬಂದಾಗ ಗಡಿಗೆಯ ತಳ ಮಸಿ ಹಿಡಿದಿತ್ತು. ಮೆರುಗಿನ ಲೇಪದೊಳಗಿನ ಕೂದಲೆಳೆಯಂಥ ಗೆರೆಗಳಿಗೆ ಮೆಣಸಿನ ಕೆಂಪು ಇಳಿದಿತ್ತು. ತೊಳೆದರೂ ಹೋಗಲಿಲ್ಲ.

ದಿವ್ಯಶ್ರೀ ಗಡಿಗೆಯನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ನೋಡಿದಳು. ಇನ್ನೊಮ್ಮೆ ತಿಕ್ಕಿ ನೋಡಲು ಮಂಜಿ ಬೂದಿ ತಂದಳು. ಇಷ್ಟು ವರ್ಷ ಬುಟ್ಟಿ ಹೊತ್ತು ಕಟ್ಟಿದ್ದನ್ನು ಒಂದು ಸಾರಿನಲ್ಲಿ ತಾನೇ ಕಳೆದುಬಿಟ್ಟೆನೇ?

ಗ್ಯಾಲರಿಯನ್ನು ನೋಡಿಕೊಳ್ಳುವ, ಹಿಂದೆ ಕಾಲೇಜಿನಲ್ಲಿ ಕಲಿಸುತ್ತಿದ್ದ ಶಾಂಭವಿ ಅಂಗಳಕ್ಕೆ ಬಂದಾಗ ಮಂಜಿಯೇ ಮುಂದೆ ಹೋಗಿ ನಿಂತಳು.

“ಅಕ್ಕೋರೇ, ಹುಡುಗಿದು ತಪ್ಪಿಲ್ಲ. ಸಾರು ಮಾಡ್ದೋಳು ನಾನು. ಬೈಯೂದಾರೆ ನಂಗೇ ಬೈಯ್ರಿ.”

ಶಾಂಭವಿ ಗಡಿಗೆಯನ್ನು ತಿರುಗಿಸಿ ನೋಡಿ, ಕಲೆಯಿಲ್ಲದ ಬೇರೊಂದನ್ನು ಕೊಡಲಾದೀತೇ ಎಂದು ವಿಚಾರಿಸಿದರು. ದಿವ್ಯಶ್ರೀ ಗಡಿಗೆಗೆ ನೀರು ತುಂಬಿ ತಳಕ್ಕೆ ಅಂಗೈ ಹಿಡಿದಳು. ಒಂದು ಹನಿಯೂ ಜಿನುಗಲಿಲ್ಲ.

“ಅವ್ವಿ, ಎಷ್ಟು ಹೊತ್ತು ಕುದಿಸ್ದೆ?”

“ಮೀನು ಬೇಯೂವಷ್ಟು. ಎಂತ, ನೀ ಹಸೀದೇ ತಿಂತಿದ್ಯಾ?”

“ಕಟ್ಟಿಗೆ ಬೆಂಕಿಗೂ ಒಡೀಲಿಲ್ಲ ಅಲ್ದಾ?”

“ಎಂತಕ್ಕೆ ಒಡೀತದೆ? ನೀ ಮಾಡ್ದದ್ದು ಅಲ್ದಾ.”

ದಿವ್ಯಶ್ರೀ ನಕ್ಕುಬಿಟ್ಟಳು. ಒಲೆಯನ್ನು ಗೆದ್ದು ಬಂದದ್ದು ಇದೊಂದೇ, ಕೊಡುವುದಾದರೆ ಇದನ್ನೇ, ಇದ್ದ ಹಾಗೆಯೇ ಕೊಡುತ್ತೇನೆಂದು ಶಾಂಭವಿಗೆ ಹೇಳಿದಳು. ಮೀನಿನ ವಾಸನೆ ಸೇರದ ಶಾಂಭವಿ ಗಡಿಗೆಯನ್ನೊಮ್ಮೆ ಮೂಸಿ, ಆಗಲಿ ಎಂದರು. ಆಮೇಲೆ ಕಾರಿನ ಗಾಜು ಇಳಿಸಿಕೊಂಡು, ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಕುಮಟೆಗೆ ಹೊರಟರು. ಮಂಜಿ ತಲೆಯೆತ್ತಿಕೊಂಡು ರಸ್ತೆಯವರೆಗೆ ಹೋಗಿ ಬೀಳ್ಕೊಟ್ಟಳು.

ಗಡಿಗೆ ಈಗ ಗ್ಯಾಲರಿಯ ಸಂಗ್ರಹದಲ್ಲಿದೆ. ತಳದ ಮಸಿಯನ್ನು ಒರೆಸಿಲ್ಲ. ದಿವ್ಯಶ್ರೀ ಅದೇ ಹದದ ಮಣ್ಣಿನಲ್ಲಿ ಕೆಲಸ ಮುಂದುವರಿಸಿದ್ದಾಳೆ. ಪ್ರತಿ ಗಡಿಗೆಯೂ ಮೊದಲು ತಾಯಿಯ ಒಲೆಗೆ ಹೋಗುತ್ತದೆ. ಮಂಜಿ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುತ್ತಿದ್ದಾಳೆ.