ಬೆಂಕಿಯ ಮುಂದೆ ನೀರು ಕುಡಿಯದ ನಿಕೊಲಾಸಾ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ಮಾತೂ ನೆಟ್ಟಗೆ ಜೋಡಿಸಲು ಬಾರದು. ಇಲ್ಲಿನ ಕೆಲವು ಶಬ್ದಗಳನ್ನು ಬರೆಯುವಾಗ ಕಿವಿ ಬಿಸಿಯಾಯಿತು. ಆದರೆ ನನ್ನ ಅಜ್ಜಿ ನಿಕೊಲಾಸಾ, "ಬರಿ ಮಗಳೇ, ಒಂದನ್ನೂ ಮುಚ್ಚಬೇಡ" ಎಂದಿದ್ದಾಳೆ. ಅವಳ ಕಥೆಯನ್ನು ಅವಳು ಹೇಳಿದಂತೆಯೇ ಬರೆದಿದ್ದೇನೆ.

ದಿರಿಯೋಮೊ ಎಂಬ ನಮ್ಮ ಊರಿನ ಪೇಟೆಯಲ್ಲಿ ನಿಕೊಲಾಸಾಳ ಮೆಕ್ಕೆಜೋಳದ ರೊಟ್ಟಿಗೆ ಒಳ್ಳೆಯ ಹೆಸರು. ಚಿಕ್ಕವಳಿದ್ದಾಗಲೇ ಹೆಂಚಿನ ಮುಂದೆ ಕೂತವಳು. ಐದು ಮಕ್ಕಳನ್ನು ಹೆತ್ತದ್ದೂ ಒಲೆಯ ಪಕ್ಕದ ಕೋಣೆಯಲ್ಲೇ. ಬೆಂಕಿಯ ಮುಂದೆ ಕೂತವರು ನೀರು ಮುಟ್ಟಬಾರದು. ಕಾದ ಮೈಗೆ ತಣ್ಣೀರು ಸೋಕಿದರೆ ಕೈ ಸೆಟೆದುಕೊಳ್ಳುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಅವಳ ತಾಯಿ ಹಾಗೆ ಹೇಳಿದ್ದಳು, ತಾಯಿಯ ತಾಯಿಯೂ ಹೇಳಿದ್ದಳು. ಹಾಗಾಗಿ ಬೆಳಗ್ಗೆ ಒಂದು ಲೋಟ ಕಾಫಿ ಕುಡಿದರೆ ಸಂಜೆ ಮೈ ತಣಿಯುವವರೆಗೆ ಗಂಟಲಿಗೆ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಉರಿಮೂತ್ರವೂ ಅವಳಿಗೆ ಹೊಸದಲ್ಲ. ಬಿಸಿ ಮಣೆಯ ಮೇಲೆ ಕೂತದ್ದಕ್ಕೆ ಬಂತೆಂದು ಸಂಜೆ ಹುಣಸೆ ಪಾನಕ ಕುಡಿದು ಸುಮ್ಮನಾಗುತ್ತಿದ್ದಳು.

ಈ ಮೇ ತಿಂಗಳಲ್ಲಿ ಒಂದು ಬೆಳಗ್ಗೆ, ರಾತ್ರಿ ಉಚ್ಚೆಗೆಂದು ಮಂಚದ ಕೆಳಗೆ ಇಟ್ಟ ಬೋಗುಣಿಯಲ್ಲಿ ಕೆಂಪು ಕಂಡಳು. ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ತಂಗಿ ಫಿದೇಲಿನಾ ಹೀಗೆಯೇ ಕೆಂಪು ಕಂಡವಳು, ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿದ್ದಳು. ಇನ್ನು ನನ್ನ ಸರದಿ ಎಂದುಕೊಂಡಳು ನಿಕೊಲಾಸಾ. ಯಾರಿಗೂ ಹೇಳಲಿಲ್ಲ. ತನ್ನ ಬಿಳಿ ಉಡುಪನ್ನು ಒಗೆದು ಬೇಲಿಯ ಮೇಲೆ ಹರವಿದಳು.

ಪಕ್ಕದ ಮನೆಯ ಮಿರ್ತಾ ಬೇಲಿಯಾಚೆಯಿಂದಲೇ ಕೂಗಿದಳು. "ಏನೇ ಮಾರಾಯ್ತಿ, ಈ ವಯಸ್ಸಲ್ಲಿ ಮದುವೆಯಾ?"

"ಅಲ್ಲ. ಹೆಣಕ್ಕೆ ಉಡಿಸೋಕೆ."

"ಯಾರು ಸತ್ರೇ?"

"ಇನ್ನೂ ಇಲ್ಲ. ನಾನೇ."

ಮಿರ್ತಾ ಕೈಯಲ್ಲಿದ್ದ ಮರಗೆಣಸನ್ನು ಅಲ್ಲೇ ಬಿಸಾಕಿ ಬಂದಳು. ಎಲ್ಲವನ್ನೂ ಬಾಯಿ ಬಿಡಿಸಿದಳು. ಆಮೇಲೆ ತೋಳು ಹಿಡಿದು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡೇ ಹೋದಳು.

ಅಲ್ಲಿ ನರ್ಸ್ ಯೆಸೆನಿಯಾ, ಹಿರಿಯ ಹೆಂಗಸರನ್ನು ಕರೆಯುವಂತೆ ದೋನ್ಯಾ ಎಂದು ಕರೆದು, ಕೇಳಿದಳು. "ರಕ್ತ ಯಾವ ದಾರಿಯಿಂದ ಬರ್ತಿದೆ, ದೋನ್ಯಾ ನಿಕೊಲಾಸಾ?"

"ಎಷ್ಟು ದಾರಿ ಇರುತ್ತೆ ಮಗಳೇ? ಮುಂದೊಂದು, ಹಿಂದೊಂದು."

"ಮುಂದೆ ಎರಡಿವೆ."

"ಸುಳ್ಳು!" ಎಂದಳು ಮಿರ್ತಾ. "ಏಳು ಹೆತ್ತಿದೀನಿ ನಾನು. ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?"

"ಹೆತ್ತಿದೀರಿ. ಯಾವತ್ತಾದ್ರೂ ನೋಡ್ಕೊಂಡಿದೀರಾ?"

ಮಿರ್ತಾಳ ಬಾಯಿ ಅಷ್ಟು ಬೇಗ ಮುಚ್ಚಿದ್ದನ್ನು ನಿಕೊಲಾಸಾ ಕಂಡದ್ದು ಅದೇ ಮೊದಲು.

ಯೆಸೆನಿಯಾ ಬಟ್ಟೆಯಲ್ಲಿ ಹೊಲಿದ ಗೊಂಬೆಯೊಂದನ್ನು ತಂದು ಬೆರಳಿಟ್ಟು ತೋರಿಸಿದಳು. ಮುಂದಿನ ಸಣ್ಣ ತೂತು ಮೂತ್ರನಾಳದ್ದು. ಅದು ಹೋಗುವುದು ಮೂತ್ರಕೋಶಕ್ಕೆ. ಅದರ ಹಿಂದೆ ಯೋನಿ; ಅದು ಗರ್ಭಕೋಶಕ್ಕೆ. "ಕೂಸಿನ ಚೀಲ ಬೇರೆ, ಉಚ್ಚೆಯ ಚೀಲ ಬೇರೆ."

ನಿಕೊಲಾಸಾ ಗೊಂಬೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಹುಟ್ಟಿದಾಗಿನಿಂದ ಇದ್ದ ಮನೆಯಲ್ಲಿ ಇನ್ನೊಂದು ಬಾಗಿಲಿದೆ ಎಂದು ಹೊರಗಿನವರು ಬಂದು ಹೇಳಿದಂತಾಗಿತ್ತು.

"ಕೂಸಿನ ಚೀಲದ ರಕ್ತ ಆದ್ರೆ ಉಚ್ಚೆ ಹೊಯ್ಯದಿದ್ದಾಗ್ಲೂ ಇಳಿಯುತ್ತೆ. ಒಳಬಟ್ಟೆಗೆ ಕಲೆ ಆಗಿದೆಯಾ?"

"ಇಲ್ಲ. ಉಚ್ಚೆ ಹೊಯ್ಯೋವಾಗ ಮಾತ್ರ."

ಮೂತ್ರ ಪರೀಕ್ಷೆಯಾಯಿತು. ಮೂತ್ರಕೋಶದಲ್ಲಿ ಸೋಂಕು. ಹಗಲೆಲ್ಲ ನೀರು ಕುಡಿಯುವುದಿಲ್ಲ ಎಂದು ಕೇಳಿ ಯೆಸೆನಿಯಾ ತಲೆಯ ಮೇಲೆ ಕೈಯಿಟ್ಟುಕೊಂಡಳು. "ತಣ್ಣೀರು ಬೇಡ ಅಂದ್ರೆ ಬಿಡಿ, ಬೆಚ್ಚಗಿನ ನೀರೇ ಕುಡೀರಿ!" ವೈದ್ಯರು ಮಾತ್ರೆ ಬರೆದುಕೊಟ್ಟರು. ಈ ವಯಸ್ಸಿನಲ್ಲಿ ರಕ್ತ ಕಂಡರೆ ಊಹೆ ಸಾಲದೆಂದು ಗರ್ಭಕೋಶವನ್ನೂ ಪರೀಕ್ಷಿಸಿದರು, ಮಾತ್ರೆ ಮುಗಿದ ಮೇಲೆ ಮೂತ್ರವನ್ನು ಮತ್ತೊಮ್ಮೆ ನೋಡಿದರು. ಗರ್ಭಕೋಶದಲ್ಲಿ ದೋಷವಿರಲಿಲ್ಲ. ಮೂತ್ರದಲ್ಲಿ ರಕ್ತವೂ ಇರಲಿಲ್ಲ.

ಬಿಳಿ ಉಡುಪು ಪೆಟ್ಟಿಗೆಗೆ ಮರಳಿತು. ಆದರೆ ಎರಡು ದಾರಿಯ ಮಾತು ನಿಕೊಲಾಸಾಳ ತಲೆಯಿಂದ ಇಳಿದಿಲ್ಲ. ಫಿದೇಲಿನಾಳ ಒಳಬಟ್ಟೆ ದಿನವೂ ಕೆಂಪಾಗುತ್ತಿತ್ತು. ಅವಳು ಅದನ್ನು ಉರಿಮೂತ್ರವೆಂದೇ ತಿಳಿದು ಕೊನೆಯವರೆಗೆ ಹುಣಸೆ ಪಾನಕ ಕುಡಿದಳು. "ಅವಳಿಗೆ ಯಾರೂ ಯಾವ ದಾರಿ ಅಂತ ಕೇಳ್ಲೇ ಇಲ್ಲ" ಎಂದು ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸುತ್ತಾಳೆ.

ಈಗ ಒಲೆಯ ಪಕ್ಕ ಬೆಚ್ಚಗಿನ ನೀರಿನ ಹೂಜಿ ಇದೆ. "ಬಾಯಿ ಸೊಟ್ಟಗಾಗ್ಲಿಲ್ವಲ್ಲೇ?" ಎಂದು ಮಿರ್ತಾ ಕೆಣಕುತ್ತಾಳೆ. "ನಿಂದು ಹುಟ್ಟಿದಾಗಿಂದ ಸೊಟ್ಟ, ನೀನೂ ಕುಡಿ" ಎನ್ನುತ್ತಾಳೆ ನಿಕೊಲಾಸಾ.

ನನ್ನ ಅಮ್ಮ ಆ ಹೂಜಿಯನ್ನು ಮುಟ್ಟುವುದಿಲ್ಲ. ಅವಳೂ ಅದೇ ಬೆಂಕಿಯ ಮುಂದೆ ಕೂರುತ್ತಾಳೆ, ಬಚ್ಚಲಿನಿಂದ ಹಲ್ಲು ಕಚ್ಚಿಕೊಂಡು ಬರುತ್ತಾಳೆ. ನಾಳೆ ಒಲೆ ಹಚ್ಚುವ ಮೊದಲು ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ.